ಟ್ರಿಪ್ಟೊಫೇನ್ ಎಂಬ ದ್ರವ್ಯವೂ ಅದರ ಕಿರುದಾರಿಗಳೂ

ಹಸುವಿನ ಹಾಲಿನಲ್ಲಿ ನಯಾಸಿನ್ ಎಂಬ ಜೀವಸತ್ವವು ಅತ್ಯಲ್ಪವಾಗಿರುತ್ತದೆ. ನೂರು ಮಿಲಿಲೀಟರ್ ಹಾಲನ್ನು ಪರೀಕ್ಷಿಸಿ ನೋಡಿದರೆ ಸುಮಾರು 0.1 ಮಿಲಿಗ್ರಾಮು ಮಾತ್ರ ಸಿಕ್ಕುವದು. ಆದರೂ ಈ ಜೀವಸತ್ವದ ಅಭಾವದಿಂದಲೇ ಹುಟ್ಟುವ ಪೆಲಾಗ್ರವೆಂಬ ರೋಗವನ್ನು ಹಾಲು ತಡೆಯುತ್ತದೆ. ಬಂದ ರೋಗವನ್ನೂ ವಾಸಿಮಾಡುತ್ತದೆ. ಇಲ್ಲದ ವಸ್ತುವನ್ನು ಹಾಲು ಎಲ್ಲಿಂದ ಕೊಟ್ಟಿತು? ಈ ಪ್ರಶ್ನೆಯು ರಸಾಯನ ಶಾಸ್ತ್ರಜ್ಞರನ್ನು ಬಹುಕಾಲ ಕಾಡಿತು. ಅದಕ್ಕೆ ದೊರೆತ ಉತ್ತರವು ಮಕ್ಕಳನ್ನು ಸಾಕುವ ತಾಯಂದಿರೂ ಅಡಿಗೆಯ ಮನೆಯನ್ನು ನಡಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಿಳಿಯತಕ್ಕದ್ದಾಗಿರುವದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ.

ಮೊದಲು ಆ ರೋಗದ ಸಂಗತಿ. ಪೆಲಾಗ್ರವು ಗೋವಿನ ಜೋಳವನ್ನೇ, ಅಂದರೆ ಮುಸುಕಿನ ಜೋಳವನ್ನೇ, ನೆಚ್ಚಿ ಬದುಕಿದ ಬಡವರ ರೋಗವಾಗಿತ್ತು. ಬಿಸಿಲು ತಾಗುವ ಕೈ, ಕಾಲು, ಕುತ್ತಿಗೆಗಳ ಚರ್ಮವು ಸುಟ್ಟಂತೆ ಕೆಂಪೇರಿ, ಕಪ್ಪಾಗಿ, ಒರಟಾಗಿ ಸುಲಿಯುವದು. ನಾಲಿಗೆ ಹುಣ್ಣಾಗುವದು; ಭೇದಿಯಾಗುವದು; ಕಡೆಗೆ ಬುದ್ಧಿಯೇ ಭ್ರಮಿಸಿ ರೋಗಿಯು ಸಾಯುವನು. ಸ್ಪೇನ್ ದೇಶದ ವೈದ್ಯನಾದ ಗಾಸ್ಪಾರ್ ಕಸಾಲನು 1735ರಲ್ಲಿ ಇದನ್ನು ಗುರುತಿಸಿದನು. ಆದರೆ ಇದರ ಘೋರ ಹಾವಳಿಯಾದದ್ದು ಅಮೇರಿಕದ ದಕ್ಷಿಣ ಸಂಸ್ಥಾನಗಳಲ್ಲಿ. 1906ರಿಂದ 1940ರ ವರೆಗಿನ ಕಾಲದಲ್ಲಿ ಅಲ್ಲಿ ಸುಮಾರು 30 ಲಕ್ಷ ಜನರಿಗೆ ರೋಗ ತಗಲಿ ಒಂದು ಲಕ್ಷದಷ್ಟು ಜನರು ಸತ್ತರೆಂದು ಲೆಕ್ಕ ಹಾಕಿದ್ದಾರೆ.

ಇದು ಅಂಟುರೋಗವೆಂದು ಅನೇಕರು ನಂಬಿದ್ದರು. 1914ರಲ್ಲಿ ಸರಕಾರದ ಆರೋಗ್ಯ ಇಲಾಖೆಯವರು ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯನನ್ನು ಅಲ್ಲಿಗೆ ಕಳುಹಿಸಿದರು. ಆತನು ಹುಚ್ಚರ ಆಸ್ಪತ್ರೆಗಳನ್ನೂ ಅನಾಥಾಲಯಗಳನ್ನೂ ನೋಡಿ ಬಂದು ಒಂದು ಸರಳವಾದ ಮಾತನ್ನು ಹೇಳಿದನು. ರೋಗವು ಒಳಗಿನ ನಿವಾಸಿಗಳಿಗೆ ಬರುತ್ತದೆ. ಅವರ ನಡುವೆಯೇ ಹಗಲಿರುಳು ಓಡಾಡುವ ದಾದಿಯರಿಗೂ ಸೇವಕರಿಗೂ ಬರುವದಿಲ್ಲ. ಅಂಟುರೋಗವಾಗಿದ್ದರೆ ಹೀಗೆ ಆರಿಸಿ ಹಿಡಿಯುವದುಂಟೇ? ಭೇದವಿದ್ದದ್ದು ಊಟದಲ್ಲಿ. ಜಾಕ್ಸನ್ ಪಟ್ಟಣದ ಅನಾಥಾಲಯಗಳಲ್ಲಿ ಮಕ್ಕಳಿಗೆ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಹೆಚ್ಚಿಸಿ ಕೊಡಿಸಲು ರೋಗವು ಅಲ್ಲಿಂದ ಮಾಯವಾಯಿತು. ಆದರೂ ಅಂಟುರೋಗವೆಂಬವರು ಸುಮ್ಮನಾಗಲಿಲ್ಲ. ಅವರ ಬಾಯಿ ಮುಚ್ಚಿಸಲಿಕ್ಕಾಗಿ 1916ರಲ್ಲಿ ಆತನೂ ಆತನ ಸಂಗಡಿಗರೂ ರೋಗಿಗಳ ರಕ್ತವನ್ನು ತಮ್ಮ ಮೈಗೆ ಚುಚ್ಚಿಸಿಕೊಂಡರು. ಗೋಲ್ಡ್‌ಬರ್ಗರನ ಹೆಂಡತಿ ಮೇರಿಯೂ ಅದನ್ನು ಚುಚ್ಚಿಸಿಕೊಂಡಳು. ಒಬ್ಬರಿಗೂ ರೋಗ ಬರಲಿಲ್ಲ.

ಈ ರೋಗವು ಪ್ರಾಯದ ಗಂಡಸರಿಗಿಂತ ಪ್ರಾಯದ ಹೆಂಗಸರಲ್ಲಿ ಬಹಳ ಹೆಚ್ಚಾಗಿ ಕಂಡುಬರುತ್ತಿತ್ತು. ಕಾರಣಗಳು ಹಲವು ಇರಬಹುದು. ದುಡಿಯುವ ಗಂಡನ ತಟ್ಟೆಗೆ ಮಾಂಸವನ್ನೂ ಮಗುವಿನ ಬಟ್ಟಲಿಗೆ ಹಾಲನ್ನೂ ಹಾಕಿ, ಉಳಿದ ಹಿಟ್ಟಿನ ಮುದ್ದೆಯನ್ನು ತಾನು ತಿಂದ ತಾಯಿಯ ಪದ್ಧತಿಯು ಅವುಗಳಲ್ಲಿ ಮುಖ್ಯವಾದದ್ದೆಂದು ನಮಗೆ ತೋರುತ್ತದೆ. ಆ ಪದ್ಧತಿಯು ಅಮೇರಿಕಕ್ಕೆ ಮಾತ್ರ ಸೇರಿದ್ದೆಂದು ನಮ್ಮ ವಾಚಕರಲ್ಲಿ ಯಾರೂ ಹೇಳಲಾರರು.

1929ರಲ್ಲಿ ಗೋಲ್ಡ್‌ಬರ್ಗರನು ತೀರಿಕೊಂಡನು. 1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಎಲ್ವೆಹ್ಯಾಮ್ ಎಂಬವನು, ನಾಯಿಗಳಿಗೆ ಬರುವ ಇಂಥದೇ ಕರಿನಾಲಿಗೆ ರೋಗವನ್ನು ನಿಕೊಟಿನಿಕ್ ಆಮ್ಲವು ಗುಣಪಡಿಸುತ್ತದೆಂದು ತೋರಿಸಿದನು. ಅದನ್ನೇ ಈಗ ನಯಾಸಿನ್ ಎನ್ನುತ್ತಾರೆ. ಹೀಗೆ ರೋಗದ ಗುಟ್ಟು ತಿಳಿಯಿತು, ಆದರೆ ಹಾಲಿನ ಗುಟ್ಟು ತಿಳಿಯಲಿಲ್ಲ. 1945ರಲ್ಲಿ ಅದೇ ಪ್ರಯೋಗಶಾಲೆಯ ಕ್ರೆಲ್ ಮೊದಲಾದವರು ಗೋವಿನ ಜೋಳವನ್ನು ತಿನ್ನಿಸಿ ಬೆಳವಣಿಗೆ ಕುಂಠಿತವಾದ ಇಲಿಗಳಿಗೆ ಎರಡು ಬೇರೆ ಬೇರೆ ಔಷಧಗಳನ್ನು ಕೊಟ್ಟರು. ಒಂದು ನಯಾಸಿನ್, ಇನ್ನೊಂದು ಟ್ರಿಪ್ಟೊಫೇನ್. ಎರಡರಿಂದಲೂ ಇಲಿಗಳು ಒಂದೇ ತೆರನಾಗಿ ಬೆಳೆದವು. ಶರೀರವು ಎರಡನೆಯದರಿಂದ ಮೊದಲನೆಯದನ್ನು ತಾನೇ ಮಾಡಿಕೊಳ್ಳುತ್ತದೆಂಬದು ಮುಂದೆ ಸ್ಥಿರಪಟ್ಟಿತು. ಗೋಲ್ಡ್‌ಬರ್ಗರನು 1922ರಲ್ಲಿಯೇ ಟ್ರಿಪ್ಟೊಫೇನನ್ನು ರೋಗಿಗೆ ಕೊಟ್ಟು ನೋಡಿ ಈ ಬಾಗಿಲನ್ನು ತಟ್ಟಿದ್ದನು, ಆದರೆ ಅದು ಆಗ ತೆರೆಯಲಿಲ್ಲ.

ಟ್ರಿಪ್ಟೊಫೇನ್ ಎಂದರೇನು? ಹಾಲು, ಮೊಟ್ಟೆ, ಮಾಂಸ, ಬೇಳೆಗಳಲ್ಲಿ ಇರುವ ಪ್ರೋಟೀನೆಂಬ ವಸ್ತುವು ಅಮೈನೊ ಆಮ್ಲಗಳೆಂಬ ಸುಮಾರು ಇಪ್ಪತ್ತು ಬಗೆಯ ಮಣಿಗಳನ್ನು ಪೋಣಿಸಿದ ಸರದಂತೆ ಇದೆ. ಅವುಗಳಲ್ಲಿ ಕೆಲವನ್ನು ಶರೀರವು ತಾನೇ ಕಲ್ಪಿಸಿಕೊಳ್ಳಬಲ್ಲದು. ಕೆಲವನ್ನು ಅನ್ನದಿಂದಲೇ ಪಡೆಯಬೇಕು. ಟ್ರಿಪ್ಟೊಫೇನು ಎರಡನೆಯ ವರ್ಗಕ್ಕೆ ಸೇರಿದ್ದು; ಎಲ್ಲಕ್ಕಿಂತಲೂ ವಿರಳವಾದ ಮಣಿಗಳಲ್ಲಿ ಒಂದು. ಕೇಂಬ್ರಿಜ್ಜಿನ ಹಾಪ್ಕಿನ್ಸನೂ ಕೋಲನೂ 1901ರಲ್ಲಿ ಇದನ್ನು ಮೊದಲಾಗಿ ಬೇರ್ಪಡಿಸಿದರು. ಐದು ವರ್ಷಗಳಾದ ಮೇಲೆ ಅಲ್ಲಿಯ ನ್ಯೂನಮ್ ಎಂಬ ಸ್ತ್ರೀಯರ ಕಾಲೇಜಿನ ಈಡಿತ್ ವಿಲ್‌ಕಾಕ್ ಎಂಬಾಕೆಯು ಹಾಪ್ಕಿನ್ಸನೊಂದಿಗೆ ಸೇರಿ ಒಂದು ಪ್ರಯೋಗ ನಡಿಸಿದಳು. ಸುಂಡಿಲಿಗಳಿಗೆ ಗೋವಿನ ಜೋಳದ ಜೀನ್ ಎಂಬ ಪ್ರೋಟೀನನ್ನೇ ಕೊಟ್ಟರು, ಅದರಲ್ಲಿ ಟ್ರಿಪ್ಟೊಫೇನಿಲ್ಲ. ಅವು ಬಾಡಿ ಬೇಗನೆ ಸತ್ತವು. ಅದೇ ಆಹಾರಕ್ಕೆ ಟ್ರಿಪ್ಟೊಫೇನನ್ನು ಬೆರಸಿ ಕೊಟ್ಟ ಇಲಿಗಳು ಬೆಳೆಯದಿದ್ದರೂ ಚುರುಕಾಗಿದ್ದು, ಸುಮಾರು ಇಮ್ಮಡಿ ಕಾಲ ಬದುಕಿದವು. ಪ್ರೋಟೀನಿನ ತೂಕವಲ್ಲ, ಅದರೊಳಗಿನ ಮಣಿಗಳ ಬಗೆಯೇ ಮುಖ್ಯವೆಂಬದನ್ನು ಲೋಕವು ಹೀಗೆ ಕಲಿತಿತು.

ನಾವು ತಿಂದ ಟ್ರಿಪ್ಟೊಫೇನಿನಲ್ಲಿ ಬೇಕಾದಷ್ಟನ್ನು ಶರೀರವು ತನ್ನ ಮಾಂಸಖಂಡ ಮೊದಲಾದವುಗಳ ಕಟ್ಟಡಕ್ಕೆ ಉಪಯೋಗಿಸಿಕೊಳ್ಳುತ್ತದೆ. ಮಿಕ್ಕದ್ದನ್ನು ಒಡೆದು ಹಾಕುತ್ತದೆ. ಒಡೆಯುವದಕ್ಕೆ ಒಂದು ಹೆದ್ದಾರಿಯೂ ಹಲವು ಕಿರುದಾರಿಗಳೂ ಇವೆ. ಹೆದ್ದಾರಿಯು ಮುಖ್ಯವಾಗಿ ಯಕೃತ್ತಿನಲ್ಲಿದೆ. ನೂರರಲ್ಲಿ ಸುಮಾರು ತೊಂಬತ್ತೈದು ಪಾಲು ಅಲ್ಲಿ ಕೈನುರೆನಿನ್ ಎಂಬ ದ್ರವ್ಯವಾಗಿ ಮಾರ್ಪಟ್ಟು, ಮುಂದೆ ಹಲವು ಮಜಲುಗಳನ್ನು ದಾಟಿ, ಕೊನೆಗೆ ಒಲೆಯ ಸೌದೆಯಂತೆ ಉರಿದು ಹೋಗುವದು. ನಮ್ಮ ಜೀವಸತ್ವವು ಹುಟ್ಟುವದು ಈ ಹೆದ್ದಾರಿಯ ಒಂದು ಕವಲಿನಲ್ಲಿ.

ಆ ಕವಲಿನ ಬಗೆಯು ವಿಚಿತ್ರವಾದದ್ದು. ಅಲ್ಲಿ ಹುಟ್ಟುವ ಒಂದು ಅಸ್ಥಿರವಾದ ದ್ರವ್ಯವನ್ನು ಒಂದು ಕಿಣ್ವವು ಹಿಡಿದು ಉರಿಯುವ ಕಡೆಗೆ ತಳ್ಳುತ್ತದೆ. ಕಿಣ್ವದ ಕೈಗೆ ಸಿಕ್ಕದೆ ತಪ್ಪಿಸಿಕೊಂಡ ಅಲ್ಪಭಾಗವು ಯಾರ ಸಹಾಯವೂ ಇಲ್ಲದೆ ತಾನಾಗಿ ಸುತ್ತಿಕೊಂಡು ಉಂಗುರದಂತಾಗಿ ಕ್ವಿನೊಲಿನಿಕ್ ಆಮ್ಲವಾಗುವದು. ಈ ಆಮ್ಲದಿಂದಲೇ ಶರೀರವು ನಯಾಸಿನ್ ಮಾಡಬೇಕಾದ ಕೆಲಸದ ದ್ರವ್ಯವನ್ನು ಕಲ್ಪಿಸಿಕೊಳ್ಳುತ್ತದೆ. ಕಾವಲುಗಾರನ ಕಣ್ಣು ತಪ್ಪಿಸಿ ಬಂದದ್ದರಿಂದ ಪ್ರಾಣ ಉಳಿಯುವದೆಂದರೆ ಆಶ್ಚರ್ಯವಲ್ಲವೇ? ಈ ಕಾವಲುಗಾರನ ಬಲವು ಎಲ್ಲ ಪ್ರಾಣಿಗಳಲ್ಲಿಯೂ ಒಂದೇ ಸಮನಾಗಿಲ್ಲ. ಇಲಿಯಲ್ಲಿ ಅವನು ದುರ್ಬಲನಾದ್ದರಿಂದ ಇಲಿಗೆ ಟ್ರಿಪ್ಟೊಫೇನಿನಿಂದ ಬೇಕಾದಷ್ಟು ಜೀವಸತ್ವ ಸಿಕ್ಕುವದು. ಬೆಕ್ಕಿನಲ್ಲಿ ಅವನು ಬಹು ಪ್ರಬಲನು, ಏನೂ ತಪ್ಪಿಸಿಕೊಳ್ಳಲಾರದು. ಆದಕಾರಣ ಬೆಕ್ಕಿಗೆ ನಯಾಸಿನನ್ನು ಆಹಾರದಲ್ಲಿ ಸಿದ್ಧವಾಗಿಯೇ ಕೊಡಬೇಕು. ಬರೀ ಹಾಲು ಅನ್ನದ ಮೇಲೆ ಬೆಕ್ಕನ್ನು ಸಾಕುತ್ತೇವೆಂದು ಹೆಮ್ಮೆಪಡುವವರು, ಅದು ಇಲಿ ಹಿಡಿಯಲು ಹೋಗುವದಕ್ಕೆ ಇನ್ನೊಂದು ಕಾರಣವುಂಟೆಂದು ತಿಳಿಯಲಿ.

ಮನುಷ್ಯರು ಇವೆರಡರ ನಡುವೆ ಇದ್ದಾರೆ. ಮನುಷ್ಯರ ಮೇಲೆ 1950ರ ಅನಂತರದ ವರ್ಷಗಳಲ್ಲಿ ನಡೆದ ಪ್ರಯೋಗಗಳಿಂದ (ಅವುಗಳಲ್ಲಿ ನ್ಯೂ ಆರ್ಲಿಯನ್ಸಿನ ವೈದ್ಯೆ ಗ್ರೇಸ್ ಗೋಲ್ಡ್‌ಸ್ಮಿತ್ ಎಂಬಾಕೆಯ ಕೆಲಸವು ಪ್ರಸಿದ್ಧವಾಗಿದೆ) ಒಂದು ಲೆಕ್ಕವು ದೊರೆಯಿತು. ಸರಾಸರಿ 60 ಮಿಲಿಗ್ರಾಮು ಟ್ರಿಪ್ಟೊಫೇನ್ ಖರ್ಚಾದರೆ 1 ಮಿಲಿಗ್ರಾಮು ನಯಾಸಿನ್ ಸಿಕ್ಕುವದು. ಈಗ ಹಾಲಿನ ಲೆಕ್ಕವನ್ನು ಮಾಡೋಣ. ಅರ್ಧ ಲೀಟರ್ ಹಾಲಿನಲ್ಲಿ ಸಿದ್ಧವಾದ ನಯಾಸಿನ್ ಅರ್ಧ ಮಿಲಿಗ್ರಾಮು ಮಾತ್ರ. ಆದರೆ ಟ್ರಿಪ್ಟೊಫೇನ್ ಸುಮಾರು 220 ಮಿಲಿಗ್ರಾಮು ಇರುವದರಿಂದ ಅದರ ಮೂಲಕ ಇನ್ನೂ ಮೂರೂವರೆ ಮಿಲಿಗ್ರಾಮಿನಷ್ಟು ದೊರೆಯಬಹುದು. ಪ್ರಾಯದ ಹೆಂಗಸಿಗೆ ದಿನಕ್ಕೆ ಬೇಕಾದದ್ದು 14 ಮಿಲಿಗ್ರಾಮು. ಸುಮಾರು ಕಾಲುಭಾಗವು ಹಾಲಿನಿಂದಲೇ ಬಂದಂತಾಯಿತು. ಆದರೆ ಇದು ಸರಾಸರಿಯ ಲೆಕ್ಕ. ಹೊಟ್ಟೆಗೆ ಸಾಲದೆ ಹಸಿದ ಶರೀರವು ಮೊದಲು ತನ್ನ ಕಟ್ಟಡವನ್ನು ನೋಡಿಕೊಳ್ಳುವದರಿಂದ ಅಲ್ಲಿ ಕವಲುದಾರಿಗೆ ಬರುವದು ಕಡಿಮೆ. ಗರ್ಭಿಣಿಯರಲ್ಲಿಯಾದರೋ ಈ ಪರಿವರ್ತನೆಯು ಹೆಚ್ಚುತ್ತದೆಂದು ಕಂಡುಹಿಡಿದಿದ್ದಾರೆ.

ಈ ದಾರಿಯ ಕಿಣ್ವಗಳಿಗೆ ಬೇರೆ ಜೀವಸತ್ವಗಳ ಸಹಾಯವೂ ಬೇಕು. ಬಿ-2 ಮತ್ತು ಬಿ-6 ಎಂಬವು ಇಲ್ಲದಿದ್ದರೆ ಗಾಡಿಯು ನಡುದಾರಿಯಲ್ಲಿ ನಿಲ್ಲುವದು. ಬಿ-6 ಸಾಲದಿದ್ದಾಗ ಕ್ಸಾಂತುರೆನಿಕ್ ಆಮ್ಲವೆಂಬ ಒಂದು ಹಳದಿ ದ್ರವ್ಯವು ಪಕ್ಕದ ಓಣಿಗೆ ತಿರುಗಿ ಮೂತ್ರದಲ್ಲಿ ಹೊರಬೀಳುತ್ತದೆ. ಇದನ್ನಳೆದು ಬಿ-6ರ ಕೊರತೆಯನ್ನು ಕಂಡುಹಿಡಿಯುವ ಪರೀಕ್ಷೆಯು ಬಹುಕಾಲ ನಡೆಯುತ್ತಿತ್ತು. ಅದರ ನೆರೆಯ ಕೈನುರೆನಿಕ್ ಆಮ್ಲವನ್ನು ಜರ್ಮನಿಯ ಲೀಬಿಗನು 1853ರಷ್ಟು ಹಿಂದೆಯೇ ನಾಯಿಯ ಮೂತ್ರದಲ್ಲಿ ಕಂಡಿದ್ದನು. ಟ್ರಿಪ್ಟೊಫೇನೆಂಬ ತಾಯಿಗಿಂತ ಮಗಳ ಪರಿಚಯವೇ ಮೊದಲಾಯಿತು. ಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣಗಳು ತಮ್ಮ ಕಣ್ಣಿನ ಕಂದುಬಣ್ಣವನ್ನು ಈ ಹೆದ್ದಾರಿಯ ದ್ರವ್ಯಗಳಿಂದಲೇ ಮಾಡಿಕೊಳ್ಳುತ್ತವೆ. ಮೊದಲನೆಯ ಮಜಲಿನ ಕಿಣ್ವವಿಲ್ಲದೆ ಹುಟ್ಟಿದ ನೊಣದ ಕಣ್ಣು ಹೊಳೆಯುವ ಕುಂಕುಮವರ್ಣವಾಗಿರುತ್ತದೆ.

ಇನ್ನು ನಮ್ಮ ಸೀಮೆಗೆ ಬರೋಣ. ದಖ್ಖನ್ ಪ್ರಸ್ಥಭೂಮಿಯಲ್ಲಿ ಬಿಳಿಜೋಳವನ್ನೇ ಮುಖ್ಯ ಆಹಾರವಾಗಿ ತಿನ್ನುವ ಬಡಜನರಲ್ಲಿಯೂ ಪೆಲಾಗ್ರವು ಕಾಣುತ್ತಿತ್ತು. ಇದು ಬಿಡಿಸಲಾರದ ಒಗಟಾಗಿತ್ತು. ಯಾಕಂದರೆ ಬಿಳಿಜೋಳದಲ್ಲಿ ಟ್ರಿಪ್ಟೊಫೇನು ಗೋವಿನ ಜೋಳದಲ್ಲಿರುವಷ್ಟು ಕಡಿಮೆಯಿಲ್ಲ. ಹೈದರಾಬಾದಿನ ಪೋಷಣ ಸಂಶೋಧನಾಲಯದಲ್ಲಿದ್ದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಎಂಬವರು 1960ರಲ್ಲಿ ಒಂದು ಹೊಸ ಉತ್ತರವನ್ನು ಪ್ರಕಟಿಸಿದರು. ಬಿಳಿಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಮೈನೊ ಆಮ್ಲವು ಮಿತಿಮೀರಿ ಇದೆ, ಅದು ಟ್ರಿಪ್ಟೊಫೇನು ನಯಾಸಿನಾಗುವ ಕೆಲಸವನ್ನು ಕೆಡಿಸುತ್ತದೆ, ಎಂಬದು ಅವರ ಅಭಿಪ್ರಾಯ. ಬಿ-6 ಜೀವಸತ್ವವು ಈ ಕೇಡನ್ನು ಮಟ್ಟಿಗೆ ತರುತ್ತದೆಂದು ಅದೇ ಸಂಸ್ಥೆಯಲ್ಲಿ ಕಮಲಾ ಕೃಷ್ಣಸ್ವಾಮಿಯವರೂ ಅವರ ಸಹೋದ್ಯೋಗಿಗಳೂ 1976ರಲ್ಲಿ ತೋರಿಸಿದರು. ಈ ಮಹಿಳೆಯು ಮುಂದೆ ಆ ಸಂಸ್ಥೆಗೆ ನಿರ್ದೇಶಕರಾದರು. ಬೇರೆ ದೇಶಗಳ ಪ್ರಯೋಗಶಾಲೆಗಳಲ್ಲಿ ಎಲ್ಲರಿಗೂ ಇದೇ ಫಲ ಸಿಕ್ಕಲಿಲ್ಲವಾದ್ದರಿಂದ ಲ್ಯೂಸಿನೊಂದೇ ಅಪರಾಧಿಯೆಂದು ಹೇಳುವದು ನ್ಯಾಯವಾಗಲಾರದು. ಜೋಳದ ರೊಟ್ಟಿಯನ್ನು ದೂರಬೇಕೆಂದು ಈ ಮಾತನ್ನು ಬರೆದದ್ದಲ್ಲ. ರೊಟ್ಟಿಯ ಜೊತೆಗೆ ಬೇಳೆಯ ಪಲ್ಯ, ಕಾಳಿನ ಉಸುಳಿ, ಶೇಂಗಾ ಚಟ್ನಿ, ಮೊಸರು ಮಜ್ಜಿಗೆ ಇರುವ ಉತ್ತರ ಕರ್ನಾಟಕದ ಊಟದಲ್ಲಿ ಕೊರತೆಯೇನೂ ಇಲ್ಲ. ಉಪ್ಪು ಮೆಣಸಿನಕಾಯಿಯ ಸಂಗಡ ಬರೀ ರೊಟ್ಟಿಯನ್ನೇ ತಿಂಗಳಾನುಗಟ್ಟಲೆ ತಿನ್ನಬೇಕಾದ ಮನೆಯಲ್ಲಿ ಕೊರತೆಯುಂಟು. ಗೋವಿನ ಜೋಳದ ತವರಾದ ಮೆಕ್ಸಿಕೊ ದೇಶದವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರೊಟ್ಟಿ ಮಾಡುತ್ತಾರೆ. ಇದರಿಂದ ಕಾಳಿನೊಳಗೆ ಬಿಗಿದು ಕಟ್ಟಿದಂತಿರುವ ನಯಾಸಿನ್ ಬಿಡುಗಡೆಯಾಗುವದು. ಶಾಸ್ತ್ರಜ್ಞರಿಗಿಂತ ಸಾವಿರಾರು ವರ್ಷಗಳ ಮುಂಚೆ ಈ ಉಪಾಯವನ್ನು ಆ ದೇಶದ ಅಡಿಗೆಯ ಮನೆಗಳು ಅರಿತಿದ್ದವು.

ಹೆದ್ದಾರಿಯನ್ನು ಬಿಟ್ಟು ಬೇರೆ ಕಡೆಗೆ ಹೋಗುವ ಕಿರುದಾರಿಗಳಲ್ಲಿ ಸೆರೊಟೊನಿನ್ ಎಂಬದರ ದಾರಿಯೇ ಪ್ರಸಿದ್ಧವಾದದ್ದು. ಟ್ರಿಪ್ಟೊಫೇನಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಇತ್ತ ತಿರುಗುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸುವ ಈ ದ್ರವ್ಯವನ್ನು 1948ರಲ್ಲಿ ರಕ್ತದಿಂದ ಬೇರ್ಪಡಿಸಿದ ಮೂವರಲ್ಲಿ ಆರ್ಡಾ ಗ್ರೀನ್ ಎಂಬ ಮಹಿಳೆಯೂ ಒಬ್ಬಳು. ಇಟಲಿಯ ಎರ್ಸ್ಪಾಮರನು ಇದಕ್ಕೆ ಮೊದಲೇ ಕರುಳಿನಲ್ಲಿ ಇದನ್ನು ಕಂಡು ಬೇರೆ ಹೆಸರಿಟ್ಟಿದ್ದನು. 1953ರಲ್ಲಿ ಬೆಟ್ಟಿ ಟ್ವಾರೋಗ್ ಎಂಬ ತರುಣಿಯು ಮೆದುಳಿನಲ್ಲಿಯೂ ಇದು ಇದೆಯೆಂದು ತೋರಿಸಿದಳು. ಸಮುದ್ರದ ಕಪ್ಪೆಚಿಪ್ಪಿನ ಮಾಂಸಖಂಡವು ಹೇಗೆ ಸಡಿಲಾಗುವದೆಂದು ಪರೀಕ್ಷಿಸುತ್ತಾ ಆಕೆಗೆ ಈ ಯೋಚನೆ ಬಂದಿತ್ತು. ಈಗ ಮನೋವ್ಯಥೆಯ ರೋಗಗಳಿಗೆ ಕೊಡುವ ಅನೇಕ ಔಷಧಗಳು ಸೆರೊಟೊನಿನಿನ ಮೇಲೆಯೇ ಕೆಲಸ ಮಾಡುತ್ತವೆ. ಆದರೆ ಶರೀರದ ಸೆರೊಟೊನಿನಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಇರುವದು ಮೆದುಳಿನಲ್ಲಲ್ಲ, ಕರುಳಿನಲ್ಲಿ.

ಬಾಳೆಹಣ್ಣಿನಲ್ಲಿ ಸೆರೊಟೊನಿನ್ ಇರುವದರಿಂದ ಅದನ್ನು ತಿಂದರೆ ಮನಸ್ಸು ಉಲ್ಲಾಸಗೊಳ್ಳುವದೆಂದು ಕೆಲವರು ಹೇಳುವದನ್ನು ಕೇಳಿದ್ದೇವೆ. ಬಾಳೆಹಣ್ಣು ಒಳ್ಳೆಯದೇ, ಆದರೆ ಈ ಕಾರಣದಿಂದಲ್ಲ. ಹಣ್ಣಿನ ಸೆರೊಟೊನಿನ್ ರಕ್ತದಿಂದ ಮೆದುಳಿನೊಳಕ್ಕೆ ಪ್ರವೇಶಿಸಲಾರದು. ಮೆದುಳು ತನಗೆ ಬೇಕಾದದ್ದನ್ನು ಟ್ರಿಪ್ಟೊಫೇನಿನಿಂದ ತಾನೇ ಮಾಡಿಕೊಳ್ಳುತ್ತದೆ. ಟ್ರಿಪ್ಟೊಫೇನಾದರೂ ಲ್ಯೂಸಿನ್ ಮೊದಲಾದ ಇತರ ಅಮೈನೊ ಆಮ್ಲಗಳೊಡನೆ ಒಂದೇ ಬಾಗಿಲಲ್ಲಿ ನೂಕಾಡಿ ಒಳಗೆ ಹೋಗಬೇಕು. ಗುಳಿಗೆಗಳ ರೂಪದಲ್ಲಿ ಟ್ರಿಪ್ಟೊಫೇನನ್ನು ನುಂಗಿದವರ ಕಥೆಯು ದುಃಖಕರವಾದದ್ದು. 1989ರಲ್ಲಿ ಅಮೇರಿಕದಲ್ಲಿ ನಿದ್ರೆಗೆಂದೂ ಮನಶ್ಶಾಂತಿಗೆಂದೂ ಇಂಥ ಗುಳಿಗೆಗಳನ್ನು ತೆಗೆದುಕೊಂಡ 1500ಕ್ಕೂ ಹೆಚ್ಚು ಜನರು ಸಹಿಸಲಾರದ ಮಾಂಸಖಂಡಗಳ ನೋವಿನಿಂದ ನರಳಿದರು; 30ಕ್ಕೂ ಮಿಕ್ಕ ಜನರು ಸತ್ತರು. ತಯಾರಿಕೆಯಲ್ಲಿ ಸೇರಿದ ಕಲ್ಮಷಗಳೇ ಇದಕ್ಕೆ ಕಾರಣವೆಂದು ಬಹುಮಟ್ಟಿಗೆ ಗೊತ್ತಾಯಿತು. ಬೇಳೆ, ಹಾಲು, ಮೊಟ್ಟೆಗಳಲ್ಲಿ ಬರುವ ಟ್ರಿಪ್ಟೊಫೇನಿನಿಂದ ಈ ಭಯವಿಲ್ಲ.

ಕಿರುದಾರಿಯು ಹೆದ್ದಾರಿಯಷ್ಟು ಅಗಲವಾದರೆ ಏನಾಗುವದು? ಕರುಳಿನಲ್ಲಿ ಹುಟ್ಟುವ ಕಾರ್ಸಿನಾಯ್ಡ್ ಎಂಬ ಒಂದು ಬಗೆಯ ಗೆಡ್ಡೆಯು ಸೆರೊಟೊನಿನನ್ನು ಅತಿಯಾಗಿ ಉತ್ಪಾದಿಸುತ್ತದೆ. ಕೆಲವು ರೋಗಿಗಳಲ್ಲಿ ಟ್ರಿಪ್ಟೊಫೇನಿನ ಅರ್ಧಕ್ಕೂ ಹೆಚ್ಚು ಭಾಗವನ್ನು ಗೆಡ್ಡೆಯೇ ಸೆಳೆದುಕೊಳ್ಳುವದುಂಟು. ಆಗ ನಯಾಸಿನಿಗೆ ಮೂಲವಸ್ತುವು ಸಾಲದೆ, ಚೆನ್ನಾಗಿ ಉಣ್ಣುವ ಸ್ಥಿತಿವಂತರಿಗೂ ಬಡವರ ರೋಗವಾದ ಪೆಲಾಗ್ರವು ಬರಬಹುದು.

ಸೆರೊಟೊನಿನಿನಿಂದ ಮುಂದಕ್ಕೆ ಇನ್ನೊಂದು ಕಾಲುದಾರಿಯುಂಟು. ಮೆದುಳಿನ ನಡುವೆ ಇರುವ ಪೀನಿಯಲ್ ಎಂಬ ಸಣ್ಣ ಗ್ರಂಥಿಯು ಕತ್ತಲಾದ ಮೇಲೆ ಅದನ್ನು ಮೆಲಟೋನಿನ್ ಮಾಡಿ ರಕ್ತಕ್ಕೆ ಬಿಡುತ್ತದೆ. ಲರ್ನರ್ ಎಂಬ ಅಮೇರಿಕದ ವೈದ್ಯನು 1958ರಲ್ಲಿ ದನಗಳ ಪೀನಿಯಲ್ ಗ್ರಂಥಿಗಳನ್ನು ಸಾವಿರಗಟ್ಟಲೆ ಕೂಡಿಸಿ ಇದನ್ನು ಬೇರ್ಪಡಿಸಿದನು. ಕಪ್ಪೆಯ ಚರ್ಮವನ್ನು ಇದು ಬಿಳಿಚಾಗಿಸುವದು; ಮನುಷ್ಯನಿಗಾದರೋ ಇದು ರಾತ್ರಿಯಾಯಿತೆಂಬ ಸೂಚನೆ. ಕಣ್ಣಿಗೆ ಬೆಳಕು ಬಿದ್ದರೆ ಇದರ ಉತ್ಪತ್ತಿ ನಿಲ್ಲುತ್ತದೆ. ಮಲಗುವ ಹೊತ್ತಿನ ವರೆಗೆ ಪ್ರಕಾಶಮಾನವಾದ ದೀಪವನ್ನಾಗಲಿ ಕೈಯೊಳಗಿನ ಫೋನನ್ನಾಗಲಿ ನೋಡುತ್ತಿರುವ ಮಕ್ಕಳ ತಂದೆತಾಯಿಗಳು ಇದನ್ನು ಗಮನಿಸಬಹುದು.

ಉಳಿದದ್ದು ನಮ್ಮ ಶರೀರದ ದಾರಿಯಲ್ಲ, ಕರುಳಿನಲ್ಲಿ ವಾಸಿಸುವ ಸೂಕ್ಷ್ಮಜೀವಿಗಳ ದಾರಿ. ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದ ಟ್ರಿಪ್ಟೊಫೇನನ್ನು ಅವು ಇಂಡೋಲ್, ಸ್ಕಟೋಲ್ ಎಂಬ ದ್ರವ್ಯಗಳಾಗಿ ಒಡೆಯುತ್ತವೆ. ಮಲದ ದುರ್ಗಂಧದಲ್ಲಿ ಇವಕ್ಕೂ ಪಾಲುಂಟು. ಆದರೆ ಅದೇ ಇಂಡೋಲು ಅತಿ ಸ್ವಲ್ಪವಾಗಿ ಮಲ್ಲಿಗೆಯ ಪರಿಮಳದಲ್ಲಿಯೂ ಇದೆಯೆಂದರೆ ಹೂ ಮುಡಿದವರು ನಂಬಲಿಕ್ಕಿಲ್ಲ. ಇಂಡೋಲು ರಕ್ತಕ್ಕೆ ಸೇರಿ ಯಕೃತ್ತಿನಲ್ಲಿ ಇಂಡಿಕನ್ನಾಗಿ ಮಾರ್ಪಟ್ಟು ಮೂತ್ರದಲ್ಲಿ ಹೋಗುತ್ತದೆ. ಈ ಇಂಡಿಕನ್ ಗಾಳಿಗೆ ಒಡ್ಡಿದಾಗ ಕೆಲವೊಮ್ಮೆ ಬಟ್ಟೆಗೆ ಹಾಕುವ ನೀಲಿಯೇ ಆಗಿ ಪರಿಣಮಿಸುವದು. ಟ್ರಿಪ್ಟೊಫೇನನ್ನು ಕರುಳು ಸರಿಯಾಗಿ ಹೀರಿಕೊಳ್ಳಲಾರದ ಒಂದು ಅಪೂರ್ವವಾದ ವಂಶಪಾರಂಪರ್ಯ ರೋಗದಲ್ಲಿ ಎಳೆಗೂಸಿನ ಬಟ್ಟೆಯು ಹೀಗೆ ನೀಲಿಯಾದದ್ದನ್ನು ವೈದ್ಯರು 1964ರಲ್ಲಿ ವರ್ಣಿಸಿದ್ದಾರೆ. ಮೂತ್ರಪಿಂಡಗಳು ಕೆಟ್ಟವರಲ್ಲಿ ಈ ಇಂಡಿಕನ್ನು ಹೊರಗೆ ಹೋಗದೆ ರಕ್ತದಲ್ಲಿ ಕೂಡಿಕೊಂಡು ನಂಜಾಗುತ್ತದೆ.

ದನಗಳಲ್ಲಿ ಸೂಕ್ಷ್ಮಜೀವಿಗಳ ವಾಸವು ದೊಡ್ಡ ಕರುಳಿನಲ್ಲಿ ಮಾತ್ರವಲ್ಲ, ಮೊದಲನೆಯ ಹೊಟ್ಟೆಯಲ್ಲಿಯೇ ಇರುವದರಿಂದ ಅಪಾಯವು ಹೆಚ್ಚು. ಒಣ ಮೇವನ್ನು ತಿಂದುಕೊಂಡಿದ್ದ ಬೆಳೆದ ಹಸುಗಳನ್ನು ಒಮ್ಮೆಲೇ ಸೊಂಪಾದ ಹಸುರು ಹುಲ್ಲಿಗೆ ಬಿಟ್ಟರೆ, ನಾಲ್ಕರಿಂದ ಹತ್ತು ದಿವಸಗಳೊಳಗೆ ಕೆಲವು ಹಸುಗಳು ಕುತ್ತಿಗೆಯನ್ನು ಮುಂದಕ್ಕೆ ಚಾಚಿ, ಬಾಯಿ ತೆರೆದು, ನರಳುತ್ತಾ ಉಸಿರಿಗಾಗಿ ಒದ್ದಾಡಿ ಸಾಯುವವು. ಇದು ಇಂಗ್ಲೆಂಡಿನ ರೈತರಿಗೆ ಬಹುಕಾಲದಿಂದ ಗೊತ್ತಿತ್ತು, ಕಾರಣವು ಗೊತ್ತಿರಲಿಲ್ಲ. ಎಳೆಹುಲ್ಲಿನ ಟ್ರಿಪ್ಟೊಫೇನು ಹೊಟ್ಟೆಯ ಸೂಕ್ಷ್ಮಜೀವಿಗಳಿಂದ ಸ್ಕಟೋಲಾಗಿ, ರಕ್ತದ ಮೂಲಕ ಪುಪ್ಪುಸಕ್ಕೆ ಹೋಗಿ, ಅಲ್ಲಿನ ಕಿಣ್ವಗಳಿಂದ ವಿಷವಾಗಿ ಮಾರ್ಪಟ್ಟು ಪುಪ್ಪುಸವನ್ನು ನೀರಿನಿಂದ ತುಂಬಿಸುತ್ತದೆಂಬ ಸಂಗತಿಯು 1972ರಲ್ಲಿ ದನ ಮತ್ತು ಆಡುಗಳ ಮೇಲೆ ನಡೆದ ಪ್ರಯೋಗಗಳಿಂದ ಹೊರಬಿತ್ತು. ಆದುದರಿಂದ ಬೇಸಗೆಯ ಒಣಹುಲ್ಲಿನ ಮೇಲೆ ಇದ್ದ ಹಸುವನ್ನು ಹೊಸ ಹುಲ್ಲುಗಾವಲಿಗೆ ಬಿಡುವವರು ಮೊದಲ ಕೆಲವು ದಿನ ಮುಂಜಾನೆ ಹೊಟ್ಟೆತುಂಬ ಒಣಹುಲ್ಲು ಹಾಕಿ, ಆಮೇಲೆ ಒಂದೆರಡು ತಾಸು ಮಾತ್ರ ಮೇಯಿಸಿ ಕೊಟ್ಟಿಗೆಗೆ ಹೊಡೆದು ತಂದು, ಮೇಯುವ ಹೊತ್ತನ್ನು ಹತ್ತು ಹನ್ನೆರಡು ದಿವಸಗಳಲ್ಲಿ ಮೆಲ್ಲಮೆಲ್ಲನೆ ಹೆಚ್ಚಿಸಬೇಕು.